ಕಲ್ಲು ಚಿಕ್ಕಪ್ಪನಿಗೆ ಒಂದು ಗುಲಾಬಿ

ಮೊನ್ನೆ ಮಗಳ ಶಾಲೆಯಿಂದ ಒಂದು ಅರ್ಜಿ ಬಂತು. ತಂದೆಯ ರಕ್ತದ ಗುಂಪು, ಮನೆಯಿಂದ ಶಾಲೆಗೆ ಇರುವ ದೂರ, ಮಗುವಿಗೆ ಕಡಲೆಕಾಯಿ ಒಗ್ಗುತ್ತದೆಯೇ ಎಂಬೆಲ್ಲ ಪ್ರಶ್ನೆಗಳು ಮುಗಿದ ಮೇಲೆ ‘ತಾಯಿಗೆ ಬರುವ ಭಾಷೆಗಳು’ ಎಂದು ಒಂದು ಗೆರೆ ಇತ್ತು. ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಎಂದು ಬರೆದೆ. ಪೆನ್ನು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲದೆ ಒಂದು ಅಲ್ಪವಿರಾಮ ಹಾಕಿ ‘ಫ್ರೆಂಚ್’ ಎಂದೂ ಬರೆದುಬಿಟ್ಟಿತು. ಹೆಗಲ ಮೇಲಿಂದ ಇಣುಕುತ್ತಿದ್ದ ಮಗಳು, “ಅಮ್ಮಾ, ಸುಳ್ಳು ಬರೀಬಾರ್ದು ಅಂತ ನೀನೇ ಹೇಳ್ತೀಯಲ್ಲ” ಅಂದಳು. ಹೊಡೆದು ಹಾಕಿದೆ.

ಹೊಡೆದು ಹಾಕಿದೆನೇ ಹೊರತು ಮನಸ್ಸಿಗೆ ಸಮಾಧಾನವಾಗಲಿಲ್ಲ. ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ನನ್ನ ಜೀವಮಾನದಲ್ಲಿ ಒಂದು ಬೆಳಿಗ್ಗೆ, ಸುಮಾರು ಒಂದೂವರೆ ಗಂಟೆ ಕಾಲ, ನಾನು ಫ್ರೆಂಚ್ ಮಾತನಾಡಿದ್ದೇನೆ. ಕೇಳಿಸಿಕೊಂಡವರಿಗೆ ಏನಾಯಿತು ಎನ್ನುವುದು ಬೇರೆ ವಿಷಯ.

ನಮ್ಮೂರು ತಮಿಳುನಾಡಿನ ಗಡಿಯೊಳಗೆ, ರಾಯಕೋಟೆಯ ಪಕ್ಕದ ಹಳ್ಳಿ. ಅಲ್ಲಿ ಭಾಷೆ ಕಲಿಯುವುದು ಎಂಬ ಕೆಲಸವೇ ಇಲ್ಲ. ಹುಟ್ಟಿದ ಮಗುವಿಗೆ ಹಲ್ಲು ಬಂದ ಹಾಗೆ ಮೂರು ಭಾಷೆ ತಾವಾಗಿ ಬರುತ್ತವೆ. ಅಪ್ಪ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು, ಟೊಮ್ಯಾಟೊ ಮಂಡಿಯಲ್ಲಿ ತಮಿಳು, ಎತ್ತಿನ ಜೊತೆ ತೆಲುಗು. ಎತ್ತನ್ನು ತೆಲುಗರ ಸಂತೆಯಲ್ಲಿ ಕೊಂಡದ್ದರಿಂದ ಅದಕ್ಕೆ ಕನ್ನಡ ಬರುವುದಿಲ್ಲ ಎಂದು ಅವರ ನಂಬಿಕೆ. ಅಮ್ಮನಿಗೆ ಜಗಳಕ್ಕೆ ಮಾತ್ರ ತಮಿಳು ಬೇಕಾಗುತ್ತಿತ್ತು. ಕನ್ನಡದಲ್ಲಿ ಬೈದರೆ ಬೈದ ಹಾಗೇ ಆಗುವುದಿಲ್ಲ ಎನ್ನುತ್ತಿದ್ದಳು.

ಇಷ್ಟೆಲ್ಲ ಇದ್ದೂ ನನಗೆ ತಮಿಳು ಬರೆಯಲು ಬರುತ್ತಿರಲಿಲ್ಲ. ನಾನು ಓದಿದ್ದು ಕನ್ನಡ ಮಾಧ್ಯಮದ ಶಾಲೆ. ಹೊಸೂರಿನ ಕಾಲೇಜಿಗೆ ಸೇರುವಾಗ ಗುಮಾಸ್ತರು, “ಮೊದಲನೇ ಭಾಷೆ ತಮಿಳಾ, ಫ್ರೆಂಚಾ?” ಎಂದು ಕೇಳಿದರು. ಕನ್ನಡ ಇಲ್ಲವೇ ಎಂದೆ. ಇಲ್ಲ ಎಂದರು. ತಮಿಳಿನಲ್ಲಿ ಫೇಲಾಗುವುದು ಖಂಡಿತ ಎಂದು ನನಗೆ ಗೊತ್ತಿತ್ತು. ಫ್ರೆಂಚಿನಲ್ಲಿ ಫೇಲಾಗುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನೇ ಆರಿಸಿಕೊಂಡೆ. ನಮ್ಮ ಕಡೆಯ ಎಷ್ಟೋ ಕನ್ನಡದ ಹುಡುಗ ಹುಡುಗಿಯರು ಫ್ರೆಂಚರಾದದ್ದು ಹೀಗೆಯೇ.

ಅಮ್ಮ ಕೇಳಿದಳು: “ಅದು ಯಾವೂರೋರ ಮಾತು?”

“ಪಾಂಡಿಚೇರಿ ಕಡೆ ಸ್ವಲ್ಪ ಆಡ್ತಾರಂತೆ.”

“ಬಸ್ಸಲ್ಲಿ ಓಗ್ಬರೋ ಊರೇ ಬುಡು” ಎಂದು ಅವಳು ನಿಶ್ಚಿಂತಳಾದಳು. ಅಪ್ಪ ಮಾತ್ರ ಮಂಡಿಯಲ್ಲಿ ಕಂಡಕಂಡವರಿಗೆಲ್ಲ “ನನ್ ಮಗ್ಳು ಪ್ರೆಂಚು ಓದ್ತವ್ಳೆ” ಎಂದು ಹೇಳಿ, ಎದುರಿನವರು ಅದೇನು ಎಂದು ಕೇಳುವಷ್ಟರಲ್ಲಿ ಟೊಮ್ಯಾಟೊ ಬಾಕ್ಸಿನ ಹಿಂದೆ ಮರೆಯಾಗುತ್ತಿದ್ದರು.

ನಮ್ಮ ಫ್ರೆಂಚ್ ಮೇಡಂ ಒಳ್ಳೆಯವರು. ಅವರ ಬಾಯಿಂದ ಎರಡು ವರ್ಷದಲ್ಲಿ ಒಂದು ಪೂರ್ತಿ ಫ್ರೆಂಚ್ ವಾಕ್ಯ ಬಂದದ್ದನ್ನು ನಾವು ಕೇಳಲಿಲ್ಲ. “ಭಾಷೆ ಅಂಕಕ್ಕೆ, ಬಾಯಿಗಲ್ಲ” ಎಂಬುದು ಅವರ ಸಿದ್ಧಾಂತ. ಪುಸ್ತಕದಲ್ಲಿ ಒಂದು ಸಂಸಾರವಿತ್ತು. ತಂದೆ ಸ್ಟೇಷನ್ನಿಗೆ ಹೋಗುತ್ತಾನೆ, ತಾಯಿ ಚೀಸು ಕೊಳ್ಳುತ್ತಾಳೆ, ಮಕ್ಕಳು ಪೆನ್ಸಿಲ್ ಕಳೆದುಕೊಳ್ಳುತ್ತಾರೆ, ಚಿಕ್ಕಪ್ಪನಿಗೆ ಹುಟ್ಟುಹಬ್ಬ ಬರುತ್ತದೆ. ಇಷ್ಟರಲ್ಲೇ ಅವರ ಬಾಳು, ಇಷ್ಟರಲ್ಲೇ ನಮ್ಮ ಪರೀಕ್ಷೆ. ಎಲ್ಲವನ್ನೂ ನಾನು ಕೊಟ್ಟಿಗೆಯಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದೆ. ಎಮ್ಮೆಗೆ ದಿನವೂ “ಬೋಂಜೂರ್ ಮದಾಂ” ಹೇಳಿ ಶುರು ಮಾಡುವುದು ಪದ್ಧತಿ. ಅದು ಕಿವಿ ಅಲ್ಲಾಡಿಸುತ್ತಿತ್ತು. ತೊಂಬತ್ತೆರಡು ಅಂಕ ಬಂತು. ಆ ಎಮ್ಮೆಯನ್ನು ಬಿಟ್ಟರೆ ನನ್ನ ಫ್ರೆಂಚನ್ನು ಯಾವ ಜೀವಿಯೂ ಕೇಳಿರಲಿಲ್ಲ.

ಕಾಲೇಜು ಮಧ್ಯಾಹ್ನದ ಪಾಳಿಯದು. ಬೆಳಿಗ್ಗೆ ಖಾಲಿ. ಎರಡನೇ ವರ್ಷದ ಜನವರಿಯಲ್ಲಿ ಪಾಪಮ್ಮಕ್ಕ ಬಂದು, “ಸುಮ್ನೆ ಎಮ್ಮೆ ಜೊತೆ ಯಾಕ್ ಮಾತಾಡ್ತೀಯಾ, ಹೂವಿನ ಶೆಡ್ಡಿಗೆ ಬಾ, ಅರ್ಧ ದಿನದ ಕೆಲಸ ಐತೆ” ಎಂದು ಕರೆದಳು. ಪಾಪಮ್ಮಕ್ಕ ನಮ್ಮ ಅಮ್ಮನ ಕಡೆಯ ದೂರದ ನೆಂಟಳು. ಹೊಸೂರು ರಸ್ತೆಯಲ್ಲಿ, ಸಾನಮಾವು ಕಾಡಿಗಿಂತ ಈಚೆ, ಪ್ಲಾಸ್ಟಿಕ್ ಮನೆಗಳಲ್ಲಿ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಒಂದು ತೋಟವಿತ್ತು. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಅಲ್ಲಿ ಕೈ ಸಾಲದಷ್ಟು ಕೆಲಸ. ಜಗತ್ತಿನ ಪ್ರೇಮಿಗಳಿಗಾಗಿ ನಾವು ಇಪ್ಪತ್ತು ಜನ ಹೆಂಗಸರು ಬೆಳಗಿನ ಆರಕ್ಕೆ ಸ್ವೆಟರ್ ಹಾಕಿಕೊಂಡು, ಮೂಗು ಸುರಿಸಿಕೊಂಡು ನಿಲ್ಲುತ್ತಿದ್ದೆವು. ನಮ್ಮಲ್ಲಿ ಒಬ್ಬಳಿಗೂ ಯಾರೂ ಯಾವತ್ತೂ ಗುಲಾಬಿ ಕೊಟ್ಟಿರಲಿಲ್ಲ.

ಕೆಲಸ ಇಷ್ಟೇ. ಕಡ್ಡಿಯ ಉದ್ದ ಅಳೆಯುವುದು, ಕತ್ತು ನೆಟ್ಟಗಿದೆಯೇ ನೋಡುವುದು, ಮೊಗ್ಗು ಅರಳಿದ್ದು ಹೆಚ್ಚೋ ಕಡಿಮೆಯೋ ನೋಡುವುದು, ಇಪ್ಪತ್ತು ಹೂವಿನ ಕಟ್ಟು ಕಟ್ಟುವುದು. ಐದು ವರ್ಷದಿಂದ ಇದ್ದ ಪಾಪಮ್ಮಕ್ಕ ಮೇಜಿನ ಮೊದಲ ಜಾಗದಲ್ಲಿ ನಿಲ್ಲುತ್ತಿದ್ದಳು. ಅಳತೆಯ ಹಲಗೆ ಅವಳಿಗೆ ಬೇಡ. ಕಡ್ಡಿ ಕೈಗೆ ಬಂದರೆ ಸಾಕು, ಯಾವ ಬಕೆಟ್ಟಿಗೆ ಎಂದು ಕೈಗೇ ಗೊತ್ತು. ಮಾರ್ಚಿನಿಂದ ಅವಳ ಕೆಲಸ ಖಾಯಂ ಮಾಡುತ್ತೇನೆ ಎಂದು ಮ್ಯಾನೇಜರ್ ಸೆಲ್ವಂ ಮಾತು ಕೊಟ್ಟಿದ್ದರು. ಆ ಮಾತನ್ನು ಅವಳು ದಿನಕ್ಕೆ ನಾಲ್ಕು ಸಲ ನಮಗೆ ಹೇಳುತ್ತಿದ್ದಳು. ನಾವು ನಾಲ್ಕು ಸಲವೂ ಹೊಸದಾಗಿ ಕೇಳಿದಂತೆ ಕೇಳುತ್ತಿದ್ದೆವು.

ಅವಳದೊಂದು ಪದ್ಧತಿಯಿತ್ತು. ಬೆಳಗಿನ ಮೊದಲನೇ ಕಟ್ಟು ಕಟ್ಟುವಾಗ ಅದರಿಂದ ಅತ್ಯಂತ ಚೆಂದದ ಒಂದು ಹೂವನ್ನು ಎಳೆದು, ಸೆರಗಿನಲ್ಲಿಟ್ಟುಕೊಂಡು, ಗೇಟಿನ ಹೊರಗೆ ಹೊಂಗೆ ಮರದ ಕೆಳಗಿರುವ ಮುನೇಶ್ವರನ ಕಲ್ಲಿಗೆ ಇಟ್ಟು ಬರುವುದು. ಆ ತೋಟದ ನೆಲ ಒಂದು ಕಾಲಕ್ಕೆ ಅವಳ ಮಾವನದು. ಆಗ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಮೊದಲ ತೆನೆ ಮುನೇಶ್ವರನಿಗೆ. ನೆಲ ಮಾರಿದರು, ರಾಗಿ ಹೋಗಿ ಗುಲಾಬಿ ಬಂತು. ಮುನೇಶ್ವರ ಎಲ್ಲೂ ಹೋಗಲಿಲ್ಲವಲ್ಲ! ಹಾಗಾಗಿ ಮೊದಲ ಗುಲಾಬಿ ಅವನಿಗೆ. ಅವಳ ಮಟ್ಟಿಗೆ ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಹತ್ತೊಂಬತ್ತರ ಆ ಕಟ್ಟು ವಿಮಾನ ಹತ್ತಿ ಹೋಗುತ್ತಿತ್ತು.

ಹೋಗಿ ಸುಮ್ಮನಿರಲಿಲ್ಲ. ದಿನಕ್ಕೊಂದು ಕಟ್ಟಿನಲ್ಲಿ ಒಂದು ಹೂವು ಕಡಿಮೆ, ಅದೂ ತಪ್ಪದೆ, ಎಂದು ಹೂವು ಕೊಳ್ಳುವ ಫ್ರಾನ್ಸಿನ ಕಂಪನಿಯಿಂದ ದೂರು ಬಂತು. ಸೆಲ್ವಂ ಶೆಡ್ಡಿನ ನಡುವೆ ನಿಂತು, “ಯಾರ್ ಎಡುಕ್ಕಿರೀಂಗ? ಯಾರು ತಗೋತಿದೀರಾ? ಸಿಕ್ಕಿದ್ರೆ ಅವತ್ತೇ ಮನೆಗೆ!” ಎಂದು ಎರಡು ಭಾಷೆಯಲ್ಲಿ ಕೂಗಿದರು. ಪಾಪಮ್ಮಕ್ಕ ತಲೆಯೆತ್ತಲಿಲ್ಲ. ಅವರು ಕಳ್ಳರನ್ನು ಹುಡುಕುತ್ತಿದ್ದಾರೆ, ತಾನು ಕಳ್ಳಿಯಲ್ಲ, ಆದ್ದರಿಂದ ಆ ಮಾತು ತನಗಲ್ಲ ಎಂದು ಅವಳು ಪ್ರಾಮಾಣಿಕವಾಗಿ ನಂಬಿದ್ದಳು. ನಾನು ಮಾತ್ರ ಹೆದರಿದೆ. ಪಕ್ಕದಲ್ಲೇ ನಿಲ್ಲುವವಳು ನಾನು.

“ಅಕ್ಕಾ, ಇನ್ನು ಮೇಲೆ ಬೇಡ. ಕೆಲ್ಸ ಓಗ್ಬುಡ್ತದೆ” ಎಂದೆ.

“ಮೊದಲ್ನೇದು ಅವನ್ಗೆ ಕೊಡ್ದೆ ತಿಂದ್ರೆ ಕೆಲ್ಸ ಇದ್ದೇನ್ ಬಂತಮ್ಮಿ?”

“ರಿಜೆಕ್ಟ್ ಆದ ಹೂವು ಇಡಕ್ಕ.”

ಅವಳು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಜನವರಿಯ ಕೊನೆಗೆ ಆ ಫ್ರೆಂಚ್ ಕಂಪನಿಯ ಬೆರ್ನಾರ್ ಎಂಬ ವಯಸ್ಸಾದವರು ತಾವೇ ಬಂದಿಳಿದರು. ರಾತ್ರಿ ಬಂದು ತೋಟದ ಅತಿಥಿಗೃಹದಲ್ಲೇ ಮಲಗಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬೆಳಿಗ್ಗೆ ಹೊಸೂರಿನಿಂದ ದುಭಾಷಿಯೊಬ್ಬ ಬೈಕಿನಲ್ಲಿ ಬರಬೇಕಿತ್ತು. ಅವನ ಬದಲು ಅವನ ಫೋನು ಬಂತು. ಸಾನಮಾವಿನಲ್ಲಿ ರಾಗಿ ಮೇಯಲು ಬಂದ ಆನೆಗಳು ರಸ್ತೆಗೆ ಅಡ್ಡ ನಿಂತಿವೆ, ಎರಡೂ ಕಡೆ ಬಸ್ಸುಗಳು ನಿಂತಿವೆ, ಆನೆಗಳ ಮನಸ್ಸು ತಿಳಿಯುವವರೆಗೆ ತಾನು ಬರಲಾರೆ ಎಂದ.

ಸೆಲ್ವಂ ಮುಖ ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿತು. ಕೆಲಸಕ್ಕೆ ಸೇರುವ ದಿನ ಪಾಪಮ್ಮಕ್ಕ ನನ್ನನ್ನು ದೊಡ್ಡವಳು ಮಾಡಲು, “ಫ್ರೆಂಚು ಓದೋ ಉಡ್ಗಿ ಸಾರ್, ತೊಂಬತ್ತೆರಡು ತಕ್ಕೊಂಡವ್ಳೆ” ಎಂದು ಹೇಳಿದ್ದಳು.

“ನೀ ವಾ ಇಲ್ಲಿ” ಎಂದರು ಸೆಲ್ವಂ.

“ಸಾರ್, ಅದು ಪರೀಕ್ಷೆಗೆ ಮಾತ್ರ ಸಾರ್...”

“ಇದೂ ಪರೀಕ್ಷೆನೇ. ವಾ.”

ಕೈಗವಸು ಬಿಚ್ಚಲೂ ಬಿಡದೆ ನನ್ನನ್ನು ಬೆರ್ನಾರ್ ಮುಂದೆ ನಿಲ್ಲಿಸಿದರು. ಆರೂಕಾಲು ಅಡಿ ಎತ್ತರ, ಟೊಮ್ಯಾಟೊ ಬಣ್ಣದ ಮುಖ, ಕೈಯಲ್ಲಿ ಹ್ಯಾಟು. ಎಮ್ಮೆಯನ್ನು ನೆನೆದುಕೊಂಡು ಧೈರ್ಯ ತಂದುಕೊಂಡೆ. “ಬೋಂಜೂರ್ ಮದಾಂ” ಎಂದೆ. ಅಭ್ಯಾಸಬಲ! ಅವರು ಗಾಬರಿಯಾದರು. ತಿದ್ದಿಕೊಂಡು, ನಿಮ್ಮ ಸಂಸಾರ ಹೇಗಿದೆ, ನಿಮ್ಮ ಮಕ್ಕಳು ವಿಧೇಯರೇ, ಎಂದು ಪುಸ್ತಕದಲ್ಲಿರುವಂತೆ ಕೇಳಿದೆ. ಅವರ ಮುಖ ಅರಳಿತು. ವಿಮಾನ ಇಳಿದಾಗಿನಿಂದ ಮಾತಿಲ್ಲದೆ ಕಟ್ಟಿಕೊಂಡಿದ್ದದ್ದೆಲ್ಲ ನನ್ನ ಮೇಲೆ ಸುರಿಸಿದರು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ನಮ್ಮ ಪುಸ್ತಕದ ಸಂಸಾರ ಎಷ್ಟು ನಿಧಾನಸ್ಥರು ಎಂದು ಆಗ ತಿಳಿಯಿತು.

“ಎನ್ನಮ್ಮಾ ಸೊಲ್ರಾರು? ಏನಂತೆ?” ಎಂದರು ಸೆಲ್ವಂ.

“ಊರು ಚೆನ್ನಾಗಿದೆ ಅಂತಾರೆ ಸಾರ್.”

“ಅಷ್ಟು ಹೊತ್ತು ಅದನ್ನೇ ಹೇಳಿದ್ರಾ?”

“ತುಂಬಾ ಚೆನ್ನಾಗಿದೆಯಂತೆ ಸಾರ್.”

ಅಷ್ಟರಲ್ಲಿ ಬೆರ್ನಾರ್ ಮೇಜಿನ ಮೇಲಿದ್ದ ಆ ದಿನದ ಮೊದಲ ಕಟ್ಟನ್ನು ಎತ್ತಿ, ಒಂದೊಂದೇ ಎಣಿಸಿ, “ದೀಜ್‌ನೆಫ್” ಎಂದರು. ಹತ್ತೊಂಬತ್ತು! ಸಂಖ್ಯೆಗಳಿಗೆ ಎರಡು ಅಂಕ ಇರುತ್ತಿದ್ದುದರಿಂದ ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು. ಅನುವಾದ ಬೇಕಾಗಲಿಲ್ಲ. ಸೆಲ್ವಂ ಕಟ್ಟು ಕಿತ್ತುಕೊಂಡು ತಾವೂ ಎಣಿಸಿದರು. “ಕಳ್ಳತನ ಮಾಡಿದವರನ್ನ ಈಗ್ಲೇ ಮನೆಗೆ ಕಳಿಸ್ತೀವಿ ಅಂತ ಹೇಳು” ಎಂದು ನನಗೆ ಅಪ್ಪಣೆ ಮಾಡಿದರು. ಕಳ್ಳತನಕ್ಕೆ ಫ್ರೆಂಚಿನಲ್ಲಿ ಏನನ್ನುತ್ತಾರೆ? ನಮ್ಮ ಪುಸ್ತಕದ ಸಂಸಾರದಲ್ಲಿ ಯಾರೂ ಏನೂ ಕದ್ದಿರಲಿಲ್ಲ.

ಪಾಪಮ್ಮಕ್ಕ ಮೇಜಿನ ಆಚೆಯಿಂದ ಬಂದಳು. “ಕಳ್ತನ ಯಾಕಂತೀಯಾ ಸಾಮಿ? ನಾನೇ ತೆಗ್ದಿದ್ದು. ಗೇಟ್ ತಾವ ಮುನೇಶ್ವರಂಗೆ ದಿನಾ ಮೊದಲ್ನೇ ಹೂವು ಇಡ್ತೀನಿ. ಮುಚ್ಮರೆ ಏನೈತೆ? ಅಮ್ಮೀ, ಆ ದೊರೆಗೆ ಇದ್ದದ್ದು ಇದ್ದಂಗೆ ಏಳು.”

ಅವಳ ಖಾಯಂ ಕೆಲಸ ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು, ಅದೂ ಫ್ರೆಂಚಿನಲ್ಲಿ.

ಗ್ರಾಮದೇವತೆ, ಹರಕೆ, ಮೊದಲ ಫಸಲು, ಯಾವುದಕ್ಕೂ ನನ್ನಲ್ಲಿ ಪದವಿಲ್ಲ. ಇದ್ದದ್ದು ಚಿಕ್ಕಪ್ಪನ ಹುಟ್ಟುಹಬ್ಬ ಒಂದೇ. ಅದನ್ನೇ ಹಿಡಿದೆ. ನಾನು ಆ ದಿನ ಹೇಳಿದ್ದು ಕನ್ನಡದಲ್ಲಿ ಸುಮಾರು ಹೀಗಾಗುತ್ತದೆ: “ಸ್ವಾಮಿ, ಈ ಹೆಂಗಸಿಗೆ ಒಬ್ಬ ಚಿಕ್ಕಪ್ಪ ಇದ್ದಾನೆ. ಅವನು ಬಾಗಿಲ ಬಳಿ ವಾಸಿಸುತ್ತಾನೆ. ಪ್ರತಿದಿನ ಅವನ ಹುಟ್ಟುಹಬ್ಬ. ಅವಳು ಅವನಿಗೆ ಒಂದು ಗುಲಾಬಿ ಕೊಡುತ್ತಾಳೆ. ಅವನು ತುಂಬ ಮುದುಕ. ಅವನು ಕಲ್ಲು.”

ಬೆರ್ನಾರ್ “ಕಲ್ಲೇ?” ಎಂದರು.

“ಹೌದು ಸ್ವಾಮಿ. ಚಿಕ್ಕಪ್ಪನು ಕಲ್ಲು. ಆದರೆ ಒಳ್ಳೆಯವನು.”

ಚಿಕ್ಕಪ್ಪನನ್ನು ನೋಡಬೇಕು ಎಂದು ಅವರು ಬಾಗಿಲ ಕಡೆ ಕೈ ತೋರಿಸಿದರು. ಮುಂದೆ ಅವರು, ಹಿಂದೆ ನಾನು, ಪಾಪಮ್ಮಕ್ಕ, ಸೆಲ್ವಂ, ಅವರ ಹಿಂದೆ ಕೆಲಸ ಬಿಟ್ಟು ಉಳಿದ ಹದಿನೆಂಟು ಹೆಂಗಸರು. ಹೊಂಗೆ ಮರದ ಕೆಳಗೆ ಅರಿಶಿನ ಕುಂಕುಮದ ಕಲ್ಲು, ಬುಡದಲ್ಲಿ ಒಣಗಿದ ಗುಲಾಬಿಗಳ ರಾಶಿ, ಮೇಲೆ ಆ ಬೆಳಗಿನ ಒಂದು ಹೊಸ ಹೂವು. ಬೆರ್ನಾರ್ ಹ್ಯಾಟು ಕಂಕುಳಲ್ಲಿಟ್ಟುಕೊಂಡು ಮಂಡಿಯೂರಿ ಕುಳಿತರು. ಕೈಮುಗಿಯುತ್ತಾರೆ ಅಂದುಕೊಂಡೆವು. ಅವರು ಹೂವಿನ ಕತ್ತು ಹಿಡಿದು ನೋಡಿದರು, ಕಡ್ಡಿಯನ್ನು ಬೆರಳಿನಿಂದ ಅಳೆದರು, ಮೊಗ್ಗನ್ನು ಮೆಲ್ಲಗೆ ಒತ್ತಿದರು. ಆಮೇಲೆ ಎದ್ದು, ಪಾಪಮ್ಮಕ್ಕನ ಕಡೆ ತಿರುಗಿ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಒಂದು ಪ್ರಶ್ನೆ ಕೇಳಿದರು. “ಆ ಕೀ ಎ ಲಾ ರೋಜ್?”

ಆ ದಿನ ನನಗೆ ಪೂರ್ತಿ ಅರ್ಥವಾದ ಒಂದೇ ವಾಕ್ಯ ಅದು. ಮೂರನೇ ಪಾಠದಲ್ಲಿ ಮಕ್ಕಳು ಪೆನ್ಸಿಲ್ ಹಿಡಿದುಕೊಂಡು ಕೇಳುತ್ತಾರಲ್ಲ, ಇದು ಯಾರದು ಎಂದು. ಅದೇ. ಗುಲಾಬಿ ಯಾರದು?

ಬೇರೆ ಏನಾದರೂ ಹೇಳಬಹುದಿತ್ತು. ಹೂವು ಚೆನ್ನಾಗಿದೆ ಅಂತಾರೆ ಅಕ್ಕ, ಎಂದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಬೆಳಗಿನಿಂದ ಸೆಲ್ವಂಗೆ ಹೇಳಿದ್ದೆಲ್ಲ ಅಂಥದೇ. ಆದರೆ ಇದ್ದದ್ದು ಇದ್ದಂಗೆ ಹೇಳು ಎಂದವಳಿಗೆ ಇಲ್ಲದ್ದು ಹೇಳಲು ನನಗೆ ಬಾಯಿ ಬರಲಿಲ್ಲ.

“ಹೂವು ಯಾರ್ದು ಅಂತ ಕೇಳ್ತವ್ರೆ ಅಕ್ಕಾ.”

ಪಾಪಮ್ಮಕ್ಕ ಉತ್ತರ ಕೊಡಲು ಬಾಯಿ ತೆರೆದಳು. “ನೆಲ ನಮ್...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಬೇಲಿಯ ಒಳಗಿನ ಪ್ಲಾಸ್ಟಿಕ್ ಮನೆಗಳನ್ನು ನೋಡಿದಳು, ಕಲ್ಲನ್ನು ನೋಡಿದಳು. ಐದು ವರ್ಷದಲ್ಲಿ ಯಾರೂ ಅವಳನ್ನು ಈ ಮಾತು ಕೇಳಿರಲಿಲ್ಲ. ಸೆಲ್ವಂ ಸಹ ತೆಗೆದವರು ಯಾರು ಎಂದು ಕೇಳಿದ್ದರೇ ಹೊರತು ಯಾರದು ಎಂದು ಕೇಳಿರಲಿಲ್ಲ.

“ನಂದಲ್ಲ ಅಂತ ಏಳಮ್ಮಿ” ಎಂದಳು. ಧ್ವನಿ ತುಂಬ ಸಣ್ಣದಾಗಿತ್ತು.

ಹೇಳಿದೆ. ಬೆರ್ನಾರ್ ತಲೆಯಾಡಿಸಿ, ಸೆಲ್ವಂ ಕಡೆ ತಿರುಗಿ, ಎರಡು ಕೈಯನ್ನೂ ಬೀಸುತ್ತಾ ಮತ್ತೆ ತಮ್ಮ ಸಹಜ ವೇಗದಲ್ಲಿ ಹೊರಟರು. ನನಗೆ ಗುಲಾಬಿ ಎಂಬ ಪದ ನಾಲ್ಕು ಸಲ ಕೇಳಿಸಿತು, ಅಷ್ಟೆ.

“ಎನ್ನಮ್ಮಾ?”

“ಈ ಅಕ್ಕನ್ನ ಕೆಲಸದಿಂದ ತೆಗೀಬಾರ್ದು ಅಂತಾರೆ ಸಾರ್” ಎಂದೆ.

ಸರಿಯಾಗಿ ಅದೇ ಹೊತ್ತಿಗೆ ದೂಳೆಬ್ಬಿಸಿಕೊಂಡು ದುಭಾಷಿಯ ಬೈಕು ಬಂತು. ಆನೆಗಳಿಗೆ ಇನ್ನೂ ಅರ್ಧ ಗಂಟೆ ರಾಗಿ ಮೇಯಲು ಏನಾಗಿತ್ತು ಧಾಡಿ! ಅವನು ಹೆಲ್ಮೆಟ್ ತೆಗೆಯುವ ಮೊದಲೇ ಸೆಲ್ವಂ, “ಇವರು ಈಗ ಏನು ಹೇಳಿದ್ರು, ಇನ್ನೊಂದು ಸಲ ಕೇಳಿ ಹೇಳಪ್ಪಾ” ಎಂದರು. ನಾನು ಹೊಂಗೆ ಮರಕ್ಕೆ ಒರಗಿಕೊಂಡು ಮುನೇಶ್ವರನಿಗೆ ಕನ್ನಡದಲ್ಲಿ ಮೊರೆಯಿಟ್ಟೆ. ಅವನಿಗೆ ತಿಳಿಯುವುದು ಅದೊಂದೇ.

ದುಭಾಷಿ ಕೇಳಿಸಿಕೊಂಡು ಹೇಳಿದ. “ಎರಡು ವರ್ಷದಿಂದ ನಿಮ್ಮಿಂದ ಹೂವು ತರಿಸ್ತಿದೀನಿ, ಇಂಥ ಒಂದು ಹೂವೂ ನನಗೆ ಬಂದಿಲ್ಲ, ನಿಮ್ಮಲ್ಲಿ ಒಳ್ಳೇದೆಲ್ಲ ಕಲ್ಲಿಗೆ ಹೋಗುತ್ತಾ ಅಂತ ಕೇಳ್ತಿದಾರೆ. ಇದನ್ನ ಆರಿಸಿದ ಹೆಂಗಸು ಪ್ರತಿ ಕಟ್ಟನ್ನೂ ನೋಡಿ ಕಳಿಸಲಿ, ಕಟ್ಟಲ್ಲಿ ಇಪ್ಪತ್ತು ಇರಲಿ, ಅಂತಾರೆ. ಆಮೇಲೆ...” ಅವನು ತಲೆ ಕೆರೆದುಕೊಂಡ. “ಆ ಮುದುಕ ಚಿಕ್ಕಪ್ಪನಿಗೆ ಹುಟ್ಟುಹಬ್ಬದ ಶುಭಾಶಯ ಅಂತೆ. ಯಾರದು ಸಾರ್?”

ಸೆಲ್ವಂ ನನ್ನನ್ನು ದಿಟ್ಟಿಸಿದರು. “ಇಷ್ಟುದ್ದ ಇರೋದನ್ನ ನೀನು ಒಂದೇ ಸಾಲಲ್ಲಿ ಹೇಳಿದೆಯಲ್ಲಮ್ಮಾ!”

“ಸಾರಾಂಶ ಬರೆಯಿರಿ ಅಂತ ಐದು ಅಂಕದ ಪ್ರಶ್ನೆ ಬರುತ್ತೆ ಸಾರ್” ಎಂದೆ.

ಅವರು ನಕ್ಕರು. ನಗುವಾಗ ಸೆಲ್ವಂ ಒಳ್ಳೆಯ ಮನುಷ್ಯ. ಪಾಪಮ್ಮಕ್ಕನನ್ನು ಕರೆದು, ಹೋಗಲಿ, ಇನ್ನು ಮೇಲೆ ಮೊದಲ ಕಟ್ಟಿಗೆ ಇಪ್ಪತ್ತೊಂದು ತಗೋ, ಒಂದು ದೇವರಿಗೆ ಇಡು, ಕಂಪನಿ ಲೆಕ್ಕ ಸರಿಹೋಗುತ್ತೆ ಎಂದು ಉದಾರವಾಗಿ ಹೇಳಿದರು. ಅವಳು ಬೇಡವೆಂದು ತಲೆಯಲ್ಲಾಡಿಸಿದಳು.

“ಇಪ್ಪತ್ತೊಂದು ತಕ್ಕೊಂಡು ಒಂದು ಕೊಟ್ರೆ ಅದು ಕಂಪ್ನಿ ಕೊಟ್ಟಂಗಾಯ್ತು ಸಾಮಿ. ನಾನೇನ್ ಕೊಟ್ಟೆ?” ಎಂದು ಹೇಳಿ ಶೆಡ್ಡಿಗೆ ನಡೆದಳು. ಕೆಲಸ ಉಳಿದದ್ದಕ್ಕೆ ಉಳಿದ ಹೆಂಗಸರೆಲ್ಲ ಕುಣಿದಾಡುತ್ತಿದ್ದರೆ ಅವಳೊಬ್ಬಳೇ ಮಧ್ಯಾಹ್ನದವರೆಗೆ ಕಟ್ಟು ಕಟ್ಟುತ್ತಲೇ ಇದ್ದಳು. ಖಾಯಂ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಆ ಪ್ರಶ್ನೆಯನ್ನು ಅವಳಿಗೆ ತಲುಪಿಸಿದವಳು ನಾನೇ ತಾನೆ.

ಮಾರನೆಯ ಬೆಳಿಗ್ಗೆ ನಾನು ಬೇಗ ಹೋಗಿ ಪಕ್ಕದಲ್ಲಿ ನಿಂತೆ. ಪಾಪಮ್ಮಕ್ಕ ಮೊದಲ ಕಟ್ಟಿಗೆ ಇಪ್ಪತ್ತು ಹೂವು ಎಣಿಸಿದಳು, ರಬ್ಬರ್ ಹಾಕಿದಳು, ಬಕೆಟ್ಟಿಗೆ ಇಟ್ಟಳು. ಆಮೇಲೆ ಕೈಗವಸು ಬಿಚ್ಚಿ, ಕೈ ಹಿಂದೆ ಹಾಕಿ, ತುರುಬಿನಲ್ಲಿದ್ದ ಕನಕಾಂಬರದ ದಂಡೆಯನ್ನು ಬಿಡಿಸಿಕೊಂಡಳು. ಗೇಟಿನ ಕಡೆ ಹೋಗಿ, ಬರಿ ತಲೆಯಲ್ಲಿ ಬಂದು, ಮತ್ತೆ ಕೈಗವಸು ಹಾಕಿಕೊಂಡಳು.

ಇಪ್ಪತ್ತು ಹೆಂಗಸರಲ್ಲಿ ಅವಳೊಬ್ಬಳ ತಲೆ ಮಾತ್ರ ಬೋಳಾಗಿ ಕಾಣುತ್ತಿತ್ತು. ನೋಡಲಾಗದೆ ಕೇಳಿದೆ. “ಅರ್ಧ ಮುಡ್ಕೊಂಡು ಅರ್ಧ ಇಡಬೌದಿತ್ತಲ್ಲಕ್ಕ? ದಿನಾ ಪೂರ್ತಿ ಕೊಟ್ಬುಟ್ರೆ ನಿಂಗೆ?”

ಅವಳು ಗುಲಾಬಿಯ ಕತ್ತು ನೋಡುತ್ತಲೇ ಹೇಳಿದಳು. “ನಾಳೆ ಇನ್ನೊಂದಷ್ಟು ಬುಡ್ತದೆ ಕಣಮ್ಮಿ. ಗಿಡ ನಂದೇ.”